ಇಪ್ಪತ್ತೇಳನೇ ನಂಬರಿನ ಕುಂಡ

ಬಸ್ಸಿಳಿದಾಗ ಮಡಿಕೇರಿ ಇನ್ನೂ ಮಂಜಿನೊಳಗೇ ಇತ್ತು.
ರಾಜಾಸೀಟಿನ ಗೇಟಿನಲ್ಲಿ ಟಿಕೆಟು ಹರಿಯುವ ಹುಡುಗನ
ಬೆರಳು ಚಳಿಗೆ ಸೆಟೆದಿತ್ತು. ನನ್ನ ಜೋಳಿಗೆಯಲ್ಲಿ
ಒಂದು ನೋಟುಬುಕ್ಕು, ಅಳತೆಯ ಟೇಪು,
ವಿರಾಜಪೇಟೆಯ ಸುಬೇದಾರರ ಮನೆಯ
ಒಂದೇ ಒಂದು ಹಳೇ ಫೋಟೋ.

ಫೋಟೋದಲ್ಲಿ ಮೆಟ್ಟಿಲಿದೆ. ಮೆಟ್ಟಿಲ ಮೇಲೆ
ನೆರಿಗೆ ಹಿಂದಕ್ಕೆ ಕಟ್ಟಿದ ಇಬ್ಬರು ಹೆಂಗಸರು,
ನಗು ತಡೆದ ಮುಖ. ಅವರ ಹಿಂದೆ
ಹೂವೋ, ಒಗೆದು ಹರವಿದ ಬಟ್ಟೆಯೋ,
ಬಿಳಿಯ ಒಂದು ಮಸುಕು.
ಅದನ್ನೇ ಮತ್ತೆ ಬೆಳೆಸಿ, ಅಂದಿತ್ತು ಸಮಿತಿ.
ಮಸುಕನ್ನು ಬೆಳೆಸುವುದು ಹೇಗೆಂದು
ನನ್ನ ತೋಟಗಾರಿಕೆ ಡಿಪ್ಲೊಮಾದಲ್ಲಿ ಪಾಠವಿರಲಿಲ್ಲ.

ಒಳಗೆ ಸೇವಂತಿಗೆಯ ಆನೆ.
ಅದರ ಒಂದು ಕಣ್ಣು ಆಗಲೇ ಉದುರಿ
ಮಾಲಿಯೊಬ್ಬ ಏಣಿ ಹತ್ತಿ, ಗುಂಡುಪಿನ್ನಿನಿಂದ
ಅದಕ್ಕೆ ದೃಷ್ಟಿ ಚುಚ್ಚುತ್ತಿದ್ದ.
ಗುಲಾಬಿಯ ಜಲಪಾತ, ಕೆಳಗೊಂದು ಪ್ಲಾಸ್ಟಿಕ್ ಬಕೆಟ್ಟು.
ಪೆಟೂನಿಯಾ, ಸಾಲ್ವಿಯಾ, ಪ್ರಾರ್ಥನೆಗೆ ನಿಂತ ಮಕ್ಕಳ ಹಾಗೆ,
ಹೆಸರು ಕರೆದರೆ ಹಾಜರ್ ಅಂದುಬಿಡುವ ಹಾಗೆ.
ಬರೆದುಕೊಂಡೆ: ಬಣ್ಣ, ಬೆಲೆ, ನರ್ಸರಿಯ ಫೋನ್ ನಂಬರು.
ಒಂದು ಪುಟ ತುಂಬಿತು. ಎರಡನೆಯದರಲ್ಲಿ
ಯಾಕೋ ಪೆನ್ನು ನಿಂತಿತು.
ಇವು ಯಾವುದಕ್ಕೂ
ಆ ಇಬ್ಬರು ಹೆಂಗಸರ ಪರಿಚಯವಿಲ್ಲ.

ಕೊನೆಯ ಶಾಮಿಯಾನದಲ್ಲಿ ಮನೆಯಂಗಳದ ಕುಂಡಗಳ ಸ್ಪರ್ಧೆ.
ಎಣ್ಣೆ ಹಚ್ಚಿಕೊಂಡ ಮುಖದ ಆಂಥೂರಿಯಂ,
ತಲೆಭಾರಕ್ಕೆ ಊರುಗೋಲು ಹಿಡಿದ ಡೇಲಿಯಾ,
ನಡುವೆ ಇಪ್ಪತ್ತೇಳನೇ ನಂಬರು:
ಬಾಯಿ ಒಡೆದ ಮಣ್ಣಿನ ಕುಂಡ,
ಒಣಮಣ್ಣು.
ಇನ್ನೇನೂ ಇಲ್ಲ.

ತೀರ್ಪುಗಾರರು ಕನ್ನಡಕ ಏರಿಸಿದರು, ಇಳಿಸಿದರು.
"ಗಿಡ ಎಲ್ಲಿ ಅಜ್ಜಿ?"
"ಮಲಗಿದೆ," ಅಂದರು ಬಾಳೆಲೆಯ ಮುದ್ದವ್ವ,
ಬಾಯಲ್ಲಿದ್ದ ಎಲೆಯಡಿಕೆ ಒಂದು ಕೆನ್ನೆಗೆ ಸರಿಸಿ.
"ತೋಕ್ ಪೂ. ಮಳೆ ಹಿಡಿದ ಮೇಲೆ ಏಳುತ್ತದೆ,
ಕೈಲ್ ಪೊಳ್ದಿನ ಹೊತ್ತಿಗೆ ಉರಿಯುತ್ತದೆ,
ಕೋವಿಯ ಬಾಯಿಗೆ ಸಿಕ್ಕಿಸಲು ಬೇಕಲ್ಲ?
ಜನವರಿಯಲ್ಲಿ ಸ್ಪರ್ಧೆ ಇಟ್ಟದ್ದು ನೀವು.
ಅದನ್ನು ಯಾರು ಕೇಳಿದ್ದರು?"

ಯಾರೋ ನಕ್ಕರು. ಒಬ್ಬ ತೀರ್ಪುಗಾರ
ಸೊನ್ನೆ ಬರೆದ; ಕೊಂಚ ಯೋಚಿಸಿ
ಸೊನ್ನೆಯೊಳಗೊಂದು ಚುಕ್ಕಿ ಇಟ್ಟು ಮುಂದೆ ಹೋದ.

ನಾನು ಹೋಗಲಿಲ್ಲ.
"ನಿಜಕ್ಕೂ ಇದೆಯಾ ಒಳಗೆ?"
ಮಾತಾಡದೆ ನನ್ನ ತೋರುಬೆರಳು ಹಿಡಿದು ಮಣ್ಣಿಗೊತ್ತಿದರು.
ಎರಡು ಗೆಣ್ಣಿನ ಆಳದಲ್ಲಿ ಏನೋ ತಡೆಯಿತು,
ತಣ್ಣಗೆ, ಗಟ್ಟಿಯಾಗಿ,
ನಿದ್ದೆಯಲ್ಲಿ ಮಡಚಿಕೊಂಡ ಮೊಣಕಾಲು.
"ಗೆಡ್ಡೆ ವಿಷ. ಕೈ ತೊಳೆದುಕೋ," ಅಂದರು ಆಮೇಲೆ.

ಮೂರ್ನಾಡು ದಾಟುವವರೆಗೂ
ಆ ಬೆರಳು ನನ್ನದಾಗಿರಲಿಲ್ಲ.
ನಾಳೆ ಎಂಟಕ್ಕೆ ಜೆಸಿಬಿ ಬರುವುದಿತ್ತು,
ಸುಬೇದಾರರ ಅಂಗಳ ಒಂದಡಿ ಕೆರೆದು
ಹುಲ್ಲಿನ ಚಾಪೆ ಹಾಸಲು.
ಮುಂಗಡ ಕೊಟ್ಟಾಗಿತ್ತು, ರಸೀದಿ ನನ್ನ ಹತ್ತಿರವೇ ಇತ್ತು.
ಆ ಒಂದಡಿಯಲ್ಲಿ ಯಾರ್ಯಾರು ಮಲಗಿದ್ದಾರೆಂದು
ನಾನು ಒಮ್ಮೆಯೂ ಬೆರಳಿಟ್ಟು ನೋಡಿರಲಿಲ್ಲ.
ಬೇತ್ರಿ ಸೇತುವೆಯ ಮೇಲೆ ಕಾರ್ಯದರ್ಶಿ ಉತ್ತಯ್ಯನವರಿಗೆ
ಫೋನು ಹಚ್ಚಿ, ಗಾಡಿ ಬೇಡ ಅಂದೆ.
"ಅಲ್ಲಮ್ಮಾ, ಪ್ರದರ್ಶನದಲ್ಲಿ ಏನು ಸಿಕ್ಕಿತು?"
"ಒಂದು ಖಾಲಿ ಕುಂಡ."
ಕಾವೇರಿಯ ಮೇಲೆ ಸಿಗ್ನಲ್ಲು ಹೋಯಿತೋ
ಅವರೇ ಸುಮ್ಮನಾದರೋ.

ಈಗ ಅಂಗಳದ ಸುತ್ತ ಗೂಟ, ತೆಂಗಿನ ನಾರಿನ ಹಗ್ಗ.
ಏಪ್ರಿಲಿನಲ್ಲಿ ಉದ್ಘಾಟನೆ. ಬಂದವರು ಕೇಳಿಯೇ ಕೇಳುತ್ತಾರೆ,
ಹೂದೋಟ ಎಲ್ಲಿ ಎಂದು.
ಬೋರ್ಡಿಗೆ ಉದ್ದುದ್ದ ಮೂರು ಸಲ ಬರೆದೆ, ಹರಿದೆ.
ಕೊನೆಗೆ ಉಳಿದದ್ದು: ತುಳಿಯಬೇಡಿ.

ಮೊನ್ನೆ ಹೂಮಳೆ ಬಿತ್ತು.
ಸುತ್ತಲ ತೋಟವೆಲ್ಲ ಕಾಫಿಹೂವಿನ ಘಮದಲ್ಲಿರುವಾಗ
ಮೆಟ್ಟಿಲ ಎಡಕ್ಕೆ, ಫೋಟೋದ ಮಸುಕು ಇದ್ದ ಕಡೆ,
ಸೂಜಿಯಷ್ಟು ಹಸಿರು, ಮೂರು.
ಯಾವ ಜಾತಿಯೋ, ಯಾವ ಬಣ್ಣವೋ, ಕಳೆಯೋ ಏನೋ.
ಎರಡನೇ ಪುಟದಲ್ಲಿ
ತಾರೀಖು ಮಾತ್ರ ಬರೆದೆ.